ಕಥೆ ಎಲ್ಲಿ ಸಿಗುತ್ತದೆ? ಕಥೆ ಬರೆಯುವವರನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಕಥೆ ಬರೆಯುತ್ತೇನೆ ಅಂತ ಗೊತ್ತಾದ ತಕ್ಷಣ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಹೊಸದಾಗಿ ಬರೆಯಲು ಕೂತವರು ಕೇಳುವುದೂ ಅವನ್ನೇ, ಸ್ವಲ್ಪ ಗಾಬರಿ ಜಾಸ್ತಿ ಅಷ್ಟೆ. ಪ್ರತಿ ಸಲ ಅರ್ಧಂಬರ್ಧ ಉತ್ತರ ಕೊಡುವ ಬದಲು ಒಂದೇ ಕಡೆ ಬರೆದಿಡೋಣ ಅನ್ನಿಸಿತು. ಇದರಲ್ಲಿ ನನ್ನ ಸ್ವಂತ ಅಭಿಪ್ರಾಯ ಸಾಕಷ್ಟಿದೆ. ಒಪ್ಪಿಗೆಯಾಗದ್ದನ್ನು ಧಾರಾಳವಾಗಿ ಬಿಟ್ಟುಬಿಡಿ.

ಈ ಕಥೆಗಳೆಲ್ಲ ಎಲ್ಲಿಂದ ಹೊಳೆಯುತ್ತವೆ?

ಪೂರ್ತಿ ಕಥೆ ಎಲ್ಲಿಂದಲೂ ಹೊಳೆಯುವುದಿಲ್ಲ. ಸಿಗುವುದು ಒಂದು ಚೂರು. ಯಾರೋ ಆಡಿದ ಮಾತು, ಒಬ್ಬರ ನಡಿಗೆ, ಪತ್ರಿಕೆಯ ಮೂಲೆಯಲ್ಲಿ ಬಂದ ನಾಲ್ಕು ಸಾಲು, ಬೀಗ ಹಾಕಿದ ಮನೆಯ ಮುಂದೆ ತಂತಿಯ ಮೇಲಿದ್ದ ಬಟ್ಟೆ. ಬೀಗ ಬಿದ್ದಿದೆ, ಬಟ್ಟೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದೆ. ಹಾಗಾದರೆ ಮನೆಯವರು ಈಗಷ್ಟೇ ಹೋಗಿದ್ದಾರೆ. ಎಲ್ಲಿಗೆ, ಅಷ್ಟು ಅವಸರ ಏನಿತ್ತು? ಇಂಥ ಚೂರು ತಲೆಯಲ್ಲಿ ಉಳಿದು ಕಾಟ ಕೊಡುವುದಕ್ಕೆ ಕಾರಣ ಅದರಲ್ಲಿ ಗೊತ್ತಿರುವುದಕ್ಕಿಂತ ಗೊತ್ತಿಲ್ಲದ್ದೇ ಜಾಸ್ತಿ. ಆ ಗೊತ್ತಿಲ್ಲದ ಜಾಗವನ್ನು ತುಂಬಿಸಲು ಹೊರಟಾಗ ಕಥೆ ಶುರುವಾಗುತ್ತದೆ.

ಕಾದಂಬರಿಕಾರ ಹೆನ್ರಿ ಜೇಮ್ಸ್ ಈ ವಿಷಯವನ್ನು ತಮ್ಮ ಮುನ್ನುಡಿಯೊಂದರಲ್ಲಿ ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಕ್ರಿಸ್‌ಮಸ್ ಹಿಂದಿನ ರಾತ್ರಿ, ಊಟಕ್ಕೆ ಕೂತಾಗ ಪಕ್ಕದಲ್ಲಿದ್ದ ಮಹಿಳೆ ಮಾತಿನ ನಡುವೆ ಒಂದು ಸುದ್ದಿ ಹೇಳಿದರು. ಯಾರೋ ಒಬ್ಬ ತಾಯಿ, ಅವಳ ಒಬ್ಬನೇ ಮಗ, ಹಳೇ ಮನೆಯಲ್ಲಿದ್ದ ಬೆಲೆಬಾಳುವ ಪೀಠೋಪಕರಣ ಯಾರಿಗೆ ಸೇರಬೇಕು ಅಂತ ಇಬ್ಬರಿಗೂ ಜಗಳ. ಜೇಮ್ಸ್‌ಗೆ ಅಷ್ಟೇ ಸಾಕಾಗಿತ್ತು. ಆದರೆ ಆಕೆ ಅಲ್ಲಿಗೆ ನಿಲ್ಲಿಸದೆ ಆಮೇಲೆ ನಿಜವಾಗಿ ಏನೇನಾಯಿತು ಅಂತ ಮುಂದುವರಿಸಿದರು, ಇವರಿಗೆ ಕಿರಿಕಿರಿ ಶುರುವಾಯಿತು. ನಿಜವಾಗಿ ನಡೆದದ್ದು ಕಥೆಯನ್ನು ಹಾಳುಮಾಡುತ್ತಾ ಹೋಗುತ್ತಿದೆ ಅನ್ನುವುದು ಅವರ ಗೋಳು. ಆ ಮೊದಲ ಚೂರಿನಿಂದ ಬಂದ ಕಾದಂಬರಿ 1897ರಲ್ಲಿ ಪ್ರಕಟವಾಯಿತು. ನನ್ನ ಮಟ್ಟಿಗೆ ಸ್ಫೂರ್ತಿಯ ಬಗ್ಗೆ ತಿಳಿಯಬೇಕಾದ ಮುಖ್ಯ ಸಂಗತಿ ಇದೇ: ಕಮ್ಮಿ ಗೊತ್ತಿರಬೇಕು. ಎಲ್ಲವೂ ಗೊತ್ತಿದ್ದರೆ ಬರೆಯಲು ಏನು ಉಳಿಯಿತು?

ಒಂದು ಮಾತಿನಿಂದ ಕಥೆ ಹೇಗೆ ಆಗುತ್ತದೆ? ಉದಾಹರಣೆ ಕೊಡಿ.

ಬಸ್ಸಿನಲ್ಲಿ ಒಬ್ಬ ಫೋನಿನಲ್ಲಿ ಹೀಗೆ ಹೇಳುತ್ತಿದ್ದಾನೆ ಅಂದುಕೊಳ್ಳಿ: "ಏನು ಬೇಕಾದ್ರೂ ಮಾರ್ಕೊಳ್ಳಿ, ಆ ಬೀರು ಮಾತ್ರ ನಾನು ಬರೋವರೆಗೆ ತೆಗೀಬೇಡಿ."

ಹೆಚ್ಚಿನವರು ಇಲ್ಲಿ ಮೊದಲು ಕೇಳಿಕೊಳ್ಳುವ ಪ್ರಶ್ನೆ, ಬೀರುವಿನಲ್ಲಿ ಏನಿದೆ? ದುಡ್ಡಾ, ಪತ್ರಾನಾ, ಯಾರದ್ದೋ ಫೋಟೋನಾ? ಆ ಪ್ರಶ್ನೆ ಹಿಡಿದುಕೊಂಡು ಹೋದರೆ ಒಂದು ಗುಟ್ಟು ಸಿಗುತ್ತದೆ, ಗುಟ್ಟು ಬಯಲಾದ ಕೂಡಲೇ ಕಥೆ ಮುಗಿದುಹೋಗುತ್ತದೆ. ಓದುವವರೂ ಅದನ್ನು ಮೂರನೇ ಪ್ಯಾರಾದಲ್ಲೇ ಊಹಿಸಿಬಿಡುತ್ತಾರೆ. ಸ್ವಲ್ಪ ಪಕ್ಕಕ್ಕೆ ಸರಿದು ಬೇರೆ ಪ್ರಶ್ನೆ ಕೇಳಿ ನೋಡಿ. ಮನೆ ಸಾಮಾನು ಮಾರುತ್ತಿದ್ದಾರೆ ಅಂದರೆ ಆ ಮನೆಯಲ್ಲಿ ಯಾರೋ ಇಲ್ಲವಾಗಿದ್ದಾರೆ, ಅಥವಾ ಸಾಲ ಕುತ್ತಿಗೆಗೆ ಬಂದಿದೆ. "ಏನು ಬೇಕಾದ್ರೂ" ಅನ್ನುವಾಗ ಇವನಿಗೆ ಉಳಿದದ್ದರ ಮೇಲೆ ಆಸೆ ಇಲ್ಲ. ಹಾಗಾದರೆ ಇಷ್ಟು ದಿನ ಅಲ್ಲಿಗೆ ಯಾಕೆ ಹೋಗಲಿಲ್ಲ? "ಮಾರ್ಬೇಡಿ" ಅನ್ನಬಹುದಿತ್ತು, "ತೆಗೀಬೇಡಿ" ಅಂದ. ಅಂದರೆ ಅವನಿಗೆ ಭಯ ಇರುವುದು ಬೀರು ಹೋಗುವುದಕ್ಕಲ್ಲ, ಯಾರೋ ನೋಡುವುದಕ್ಕೆ. ಯಾರು? ಫೋನಿನ ಆ ಕಡೆ ಇರುವವರು ಅಣ್ಣನ ಹೆಂಡತಿ ಅಂತ ಇಟ್ಟುಕೊಳ್ಳಿ. ಅವಳು ಆ ಬೀರುವನ್ನು ಹದಿನೈದು ದಿನದ ಹಿಂದೆಯೇ ತೆಗೆದು ನೋಡಿದ್ದಾಳೆ. ಈಗ "ಆಯ್ತು, ತೆಗೆಯಲ್ಲ" ಅನ್ನುತ್ತಿದ್ದಾಳೆ.

ನೋಡಿ, ಇಲ್ಲಿ ಬೀರುವಿನಲ್ಲಿ ಏನಿದೆ ಅನ್ನುವುದು ನಮಗೆ ಇನ್ನೂ ಗೊತ್ತಿಲ್ಲ, ಆದರೂ ಇಬ್ಬರು ಮನುಷ್ಯರು ಬಂದು ನಿಂತರು. ಒಬ್ಬನಿಗೆ ಒಂದು ಬೇಕು, ಇನ್ನೊಬ್ಬಳಿಗೆ ಗೊತ್ತಿದ್ದೂ ಹೇಳುವ ಹಾಗಿಲ್ಲ. ಅವನು ಮನೆಗೆ ಬಂದು ಬೀರುವಿನ ಮುಂದೆ ನಿಲ್ಲುವ ಹೊತ್ತಿಗೆ ಅವಳು ಅಡುಗೆಮನೆಯಲ್ಲಿ ಇರಬೇಕಾ, ಅಲ್ಲೇ ಬಾಗಿಲಲ್ಲಿ ನಿಂತಿರಬೇಕಾ ಅಂತ ನೀವು ಯೋಚಿಸಲು ಶುರುಮಾಡಿದರೆ ಅರ್ಧ ಕೆಲಸ ಆದಂತೆ. ಅಂದ ಹಾಗೆ ಬಸ್ಸಿನವನ ಹಿಂದೆ ಹೋಗಿ ನಿಜ ಏನು ಅಂತ ಕೇಳಬೇಡಿ. ಬಹುಶಃ ಬೀರುವಿನ ಬಾಗಿಲು ಮುರಿದಿರುತ್ತದೆ, ಅಷ್ಟೇ ವಿಷಯ.

ಪಾತ್ರಗಳು ನಿಜವಾದ ಜನರೇನಾ?

ಅರ್ಧ ಹೌದು. ಷರ್ಲಾಕ್ ಹೋಮ್ಸ್ ಮೊದಲು ಕಾಣಿಸಿಕೊಂಡದ್ದು 1887ರಲ್ಲಿ. ಅವನ ಹಿಂದೆ ಎಡಿನ್‌ಬರೋದ ಜೋಸೆಫ್ ಬೆಲ್ ಅನ್ನುವ ವೈದ್ಯರು ಇದ್ದರು, ಹೋಮ್ಸ್ ಕಥೆಗಳನ್ನು ಬರೆದ ಕಾನನ್ ಡಾಯ್ಲ್‌ಗೆ ವೈದ್ಯಕೀಯ ಕಲಿಸಿದ ಮೇಷ್ಟ್ರು. ರೋಗಿ ಬಾಯಿ ಬಿಡುವ ಮುಂಚೆಯೇ ಅವನ ಕಸುಬು, ಎಲ್ಲಿಂದ ಬಂದ ಅನ್ನುವುದನ್ನೆಲ್ಲ ಬೆಲ್ ಹೇಳುತ್ತಿದ್ದರಂತೆ. ಡಾಯ್ಲ್ ತೆಗೆದುಕೊಂಡದ್ದು ಆ ಗಮನಿಸುವ ಗುಣವನ್ನು. ಪಿಟೀಲು, ಚಟ, ಸಿಡುಕು, ಒಂಟಿತನ ಇವೆಲ್ಲ ಆಮೇಲೆ ಸೇರಿಕೊಂಡವು. ಒಬ್ಬ ಮನುಷ್ಯನಿಂದ ಒಂದು ಗುಣ, ಇನ್ನೊಬ್ಬರಿಂದ ಮುಖ, ಮೂರನೆಯವರಿಂದ ಮಾತಿನ ಧಾಟಿ, ಹೀಗೆ ಕೂಡಿಸಿದಾಗಲೇ ಪಾತ್ರಕ್ಕೆ ತನ್ನದೇ ಜೀವ ಬರುವುದು.

ಟಾಲ್‌ಸ್ಟಾಯ್ ಅವರ ಕಾದಂಬರಿಯ ನಾಯಕಿ ಅನ್ನಾ ಕರೆನಿನಾಳ ರೂಪಕ್ಕೆ ಕವಿ ಪುಷ್ಕಿನ್ ಅವರ ಮಗಳು ಮರಿಯಾ ಕಾರಣ ಅನ್ನುತ್ತಾರೆ. ಟಾಲ್‌ಸ್ಟಾಯ್ ಆಕೆಯನ್ನು ಒಂದು ಸಮಾರಂಭದಲ್ಲಿ ನೋಡಿದ್ದರು, ಕತ್ತಿನ ಹಿಂದೆ ಸುರುಳಿಯಾಗಿ ಬಿದ್ದಿದ್ದ ಕೂದಲು ಕಣ್ಣಿಗೆ ಬಿದ್ದಿತ್ತು. ಅನ್ನಾಳ ಕತ್ತಿನ ಹತ್ತಿರ ಅದೇ ಗುಂಗುರು ಕೂದಲಿದೆ. ಆದರೆ ಅನ್ನಾಳ ಸಾವು ಬೇರೆಯವರದ್ದು, ಅದರ ಬಗ್ಗೆ ಕೆಳಗೆ ಬರೆದಿದ್ದೇನೆ.

ಒಬ್ಬರನ್ನೇ ಇಡಿಯಾಗಿ ಎತ್ತಿಕೊಂಡು ಬಂದು ಕೂರಿಸಿದರೆ ಇನ್ನೊಂದು ತಾಪತ್ರಯ. "ಅವರು ನಿಜವಾಗಿ ಹೀಗೆ ಮಾಡ್ತಿದ್ರಾ?" ಅಂತ ನೀವೇ ನಿಮ್ಮನ್ನು ತಡೆಯುತ್ತಾ ಇರುತ್ತೀರಿ. ಪಾತ್ರ ತಪ್ಪು ಮಾಡಬೇಕಾದ ಕಡೆ ಕೈ ನಡುಗುತ್ತದೆ. ನಿಮ್ಮ ಅಮ್ಮನ ಮೇಲೆ ಬರೆದ ಕಥೆಯಲ್ಲಿ ಅಮ್ಮ ಸುಳ್ಳು ಹೇಳುವುದೇ ಇಲ್ಲ ಅಲ್ವಾ? ಅದಕ್ಕೇ ಆ ಕಥೆ ಚಪ್ಪೆ ಆಗುವುದು.

ಪರಿಚಯದವರನ್ನು ಬರೆದು, ಅವರಿಗೆ ಗೊತ್ತಾಗಿಬಿಟ್ಟರೆ?

ಗೊತ್ತಾಗುತ್ತದೆ. ಹೆಸರು ಬದಲಿಸಿದರೆ ಸಾಕು ಅಂದುಕೊಂಡಿದ್ದರೆ ಅದು ಭ್ರಮೆ.

ಚಾರ್ಲ್ಸ್ ಡಿಕನ್ಸ್ 'ಡೇವಿಡ್ ಕಾಪರ್‌ಫೀಲ್ಡ್' ಕಾದಂಬರಿಯನ್ನು 1849ರಿಂದ ಕಂತುಗಳಲ್ಲಿ ಬರೆಯುತ್ತಿದ್ದರು. ಅದರಲ್ಲಿ ಮಿಸ್ ಮೌಚರ್ ಅನ್ನುವ ಗಿಡ್ಡ ಹೆಂಗಸು ಬರುತ್ತಾಳೆ, ಸ್ವಲ್ಪ ಕುತಂತ್ರಿ ಅನ್ನಿಸುವ ಹಾಗೆ. ಡಿಕನ್ಸ್‌ಗೆ ನೆರೆಯಲ್ಲಿದ್ದ ಒಬ್ಬ ಮಹಿಳೆ ಅದನ್ನು ಓದಿ ಇದು ನಾನೇ ಅಂತ ಗುರುತು ಹಿಡಿದರು. ಆಕೆಯದ್ದು ಹುಟ್ಟಿನಿಂದ ಕುಳ್ಳ ದೇಹ, ಜನರ ಪಾದದ ಆರೈಕೆ ಮಾಡಿ ಬದುಕುತ್ತಿದ್ದವರು. ನೊಂದು ಪತ್ರ ಬರೆದರು. ಡಿಕನ್ಸ್ ಆಕೆಯನ್ನು ನೆನೆಸಿಕೊಂಡದ್ದು ನಿಜ ಅಂತ ಒಪ್ಪಿಕೊಂಡು, ಮುಂದಿನ ಕಂತುಗಳಲ್ಲಿ ಆ ಪಾತ್ರವನ್ನೇ ತಿರುಗಿಸಿ ಒಳ್ಳೆಯವಳನ್ನಾಗಿ ಮಾಡಿದರು. ಈಗ ಓದಿದರೂ ಆ ತಿರುವು ಸ್ವಲ್ಪ ಎಡವಿದ ಹಾಗೆ ಕಾಣುತ್ತದೆ. ಅದೇ ಕಾದಂಬರಿಯಲ್ಲಿ ಸದಾ ಸಾಲದಲ್ಲಿ ಮುಳುಗಿರುವ ಮಿಕಾಬರ್ ಇದ್ದಾನಲ್ಲ, ಅವನಲ್ಲಿ ಡಿಕನ್ಸ್ ಅವರ ಅಪ್ಪ ಇದ್ದಾರೆ. ಅಪ್ಪ 1824ರಲ್ಲಿ ಸಾಲ ತೀರಿಸಲಾಗದೆ ಜೈಲಿಗೆ ಹೋಗಿದ್ದರು. ಆ ಪಾತ್ರ ಮಾತ್ರ ಎಲ್ಲೂ ಎಡವುವುದಿಲ್ಲ, ಯಾಕೆಂದರೆ ಅದರಲ್ಲಿ ಸಿಟ್ಟಿನಷ್ಟೇ ಅಕ್ಕರೆಯೂ ಇದೆ.

ಸಿನಿಮಾ ಶುರುವಾಗುವ ಮುಂಚೆ "ಇಲ್ಲಿನ ಪಾತ್ರಗಳೆಲ್ಲ ಕಾಲ್ಪನಿಕ" ಅಂತ ಬರುತ್ತದಲ್ಲ, ಅದರ ಹಿಂದೆಯೂ ಇಂಥದ್ದೇ ಒಂದು ಜಗಳ ಇದೆ. 1932ರಲ್ಲಿ ರಷ್ಯಾದ ರಾಜಮನೆತನಕ್ಕೆ ಆಪ್ತನಾಗಿದ್ದ ರಾಸ್ಪುಟಿನ್ ಬಗ್ಗೆ ಒಂದು ಹಾಲಿವುಡ್ ಸಿನಿಮಾ ಬಂತು. ಅದರಲ್ಲಿದ್ದ ರಾಜಕುಮಾರಿಯ ಪಾತ್ರ ತನ್ನದೇ ಅಂತ ರಷ್ಯಾದ ಇರೀನಾ ಯುಸುಪೋವ್ ಲಂಡನ್ನಿನ ಕೋರ್ಟಿಗೆ ಹೋದರು. ಸಿನಿಮಾದಲ್ಲಿ ಹೆಸರು ಬೇರೆಯೇ ಇತ್ತು. ಆದರೂ 1934ರಲ್ಲಿ ಗೆದ್ದರು, ದೊಡ್ಡ ಪರಿಹಾರ ಸಿಕ್ಕಿತು. ಆ ಸಾಲು ಎಲ್ಲ ಕಡೆ ರೂಢಿಗೆ ಬಂದದ್ದು ಅಲ್ಲಿಂದ ಮುಂದೆ.

ಹಾಗಾಗಿ ಹೆಸರಿನ ಜೊತೆಗೆ ವಯಸ್ಸು, ಕಸುಬು, ಸಂಬಂಧ ಬದಲಿಸಿ. ಗಂಡಸನ್ನು ಹೆಂಗಸು ಮಾಡಿ ನೋಡಿ. ಇದರಲ್ಲಿ ಇನ್ನೊಂದು ಲಾಭವೂ ಇದೆ, ಇಷ್ಟು ಬದಲಿಸಿದ ಮೇಲೆ ಪಾತ್ರ ನಿಮಗೇ ಹೊಸದಾಗಿ ಕಾಣುತ್ತದೆ. ಇನ್ನು ಯಾರ ಮೇಲಾದರೂ ಸೇಡು ತೀರಿಸಿಕೊಳ್ಳಲು ಕಥೆ ಬರೆಯುತ್ತಿದ್ದರೆ ಬರೆಯಿರಿ, ಮನಸ್ಸು ಹಗುರ ಆಗುತ್ತದೆ. ಪ್ರಕಟಿಸಬೇಡಿ. ಸೇಡಿನ ಕಥೆಯಲ್ಲಿ ಒಬ್ಬರೇ ಕೆಟ್ಟವರು ಇರುತ್ತಾರೆ, ಬರೆದವರು ಪೂರ್ತಿ ಮುಗ್ಧರಾಗಿರುತ್ತಾರೆ, ಓದುವವರು ಅದನ್ನು ಒಂದೇ ಪುಟದಲ್ಲಿ ಪತ್ತೆ ಹಚ್ಚುತ್ತಾರೆ.

ನನ್ನ ಜೀವನದಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆದಿಲ್ಲ. ನಾನು ಏನು ಬರೆಯಲಿ?

ಏನೂ ನಡೆಯದವರು ಯಾರೂ ಇಲ್ಲ. ದೊಡ್ಡ ಘಟನೆ ನಡೆದಿಲ್ಲ ಅಂತ ನೀವು ಹೇಳುತ್ತಿದ್ದೀರಿ, ಅದು ಬೇರೆ ಮಾತು. ರಷ್ಯಾದ ಕಥೆಗಾರ ಚೆಕಾವ್ ಒಮ್ಮೆ ಗೆಳೆಯ ಕೊರೊಲೆಂಕೋ ಜೊತೆ ಮಾತಾಡುತ್ತಾ ಮೇಜಿನ ಮೇಲೆ ಕೈಗೆ ಸಿಕ್ಕಿದ ವಸ್ತು ಎತ್ತಿಕೊಂಡರು, ಅದೊಂದು ಆಷ್‌ಟ್ರೇ. ಬೇಕಾದರೆ ನಾಳೆಯೇ ಇದರ ಮೇಲೆ ಕಥೆ ತಯಾರಾಗುತ್ತದೆ ಅಂದರಂತೆ. ಜಂಬದ ಮಾತಾಗಿ ಕಾಣಬಹುದು. ಅವರ ಕಥೆಗಳನ್ನು ಓದಿದರೆ ಅದು ಸುಮ್ನೆ ಆಡಿದ ಮಾತಲ್ಲ ಅಂತ ಗೊತ್ತಾಗುತ್ತದೆ.

ಒಂದು ಕೆಲಸ ಮಾಡಿ ನೋಡಿ. ಚಿಕ್ಕಂದಿನಲ್ಲಿ ನಿಮಗೆ ಅರ್ಥವಾಗದೆ ಉಳಿದ ಒಂದು ಸಂಗತಿ ನೆನಪು ಮಾಡಿಕೊಳ್ಳಿ. ದೊಡ್ಡವರು ನೀವು ಒಳಗೆ ಬಂದ ಕೂಡಲೇ ಮಾತು ನಿಲ್ಲಿಸಿದ್ದು. ವಾರಕ್ಕೊಮ್ಮೆ ಬರುತ್ತಿದ್ದ ನೆಂಟರೊಬ್ಬರು ಇದ್ದಕ್ಕಿದ್ದ ಹಾಗೆ ಬರುವುದು ಬಿಟ್ಟದ್ದು, ಅದರ ಬಗ್ಗೆ ಮನೆಯಲ್ಲಿ ಯಾರೂ ಸೊಲ್ಲೆತ್ತದೇ ಇದ್ದದ್ದು. ಈಗ ನಿಮಗೆ ಆ ದೊಡ್ಡವರಷ್ಟೇ ವಯಸ್ಸಾಗಿದೆ. ಅವತ್ತು ಏನಾಗಿರಬಹುದು ಅಂತ ಈಗ ಊಹಿಸಿ. ಮನೆಯಲ್ಲಿ ಯಾರನ್ನೂ ಕೇಳಬೇಡಿ, ಕಥೆ ಮುಗಿಯುವವರೆಗಾದರೂ.

ಸ್ವಂತ ಅನುಭವ ಬರೆದರೆ ಅದು ಆತ್ಮಕಥೆ ಆಗಲ್ವಾ?

ಎರಡಕ್ಕೂ ವ್ಯತ್ಯಾಸ ನೋಡಬೇಕಾದರೆ ಎಸ್.ಎಲ್. ಭೈರಪ್ಪನವರ ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿ. 'ಗೃಹಭಂಗ' ಕಾದಂಬರಿ, 'ಭಿತ್ತಿ' ಆತ್ಮಕಥೆ. ಬಡತನ, ಪ್ಲೇಗು, ಹೊಣೆಯಿಲ್ಲದ ಗಂಡನನ್ನು ಕಟ್ಟಿಕೊಂಡು ಸಂಸಾರ ಎಳೆಯುವ ತಾಯಿ, ಎರಡರ ಹಿಂದೆ ಇರುವ ಬಾಲ್ಯ ಒಂದೇ. ಆತ್ಮಕಥೆಯ ನಡುವೆ ಲೇಖಕರು ಇದ್ದಾರೆ. ಕಾದಂಬರಿಯ ನಡುವೆ ನಂಜಮ್ಮ ಇದ್ದಾಳೆ, ಮಗ ಪಕ್ಕದಲ್ಲೆಲ್ಲೋ ಓಡಾಡಿಕೊಂಡಿದ್ದಾನೆ. ಅನುಭವ ಕಥೆಯಾಗಬೇಕಾದರೆ "ನಾನು" ಸ್ವಲ್ಪ ಜಾಗ ಬಿಡಬೇಕಾಗುತ್ತದೆ. ನಿಮಗೆ ಆದ ಅನ್ಯಾಯವನ್ನು ಅನ್ಯಾಯ ಮಾಡಿದವರ ಕಡೆಯಿಂದ ಬರೆಯಲು ಆಗುತ್ತದಾ? ಆದರೆ ಅದು ಕಥೆ. ಆಗದಿದ್ದರೆ ಇನ್ನೂ ಸ್ವಲ್ಪ ವರ್ಷ ಹೋಗಲಿ.

ಪತ್ರಿಕೆಯಲ್ಲಿ ಬಂದ ಸುದ್ದಿಯಿಂದ ಕಥೆ ಬರೆಯಬಹುದಾ?

ಬರೆಯಬಹುದು, ತುಂಬಾ ಜನ ಬರೆದಿದ್ದಾರೆ. ಆದರೆ ಸುದ್ದಿ ಓದಿದ ದಿನವೇ ಬರೆಯಲು ಕೂತರೆ ಸುದ್ದಿಯನ್ನೇ ಸ್ವಲ್ಪ ಉದ್ದ ಮಾಡಿ ಬರೆದಿರುತ್ತೀರಿ.

ಮೊದಲೇ ಹೇಳಿದ ಅನ್ನಾ ಕರೆನಿನಾಳ ವಿಷಯಕ್ಕೆ ಬರೋಣ. 1870ರಲ್ಲಿ ಟಾಲ್‌ಸ್ಟಾಯ್ ತಮ್ಮ ಹೆಂಡತಿಯ ಹತ್ತಿರ ದಾರಿ ತಪ್ಪಿದ ಒಬ್ಬ ದೊಡ್ಡ ಮನೆತನದ ಗೃಹಿಣಿಯ ಬಗ್ಗೆ ಬರೆಯಬೇಕು, ಅವಳನ್ನು ತಪ್ಪಿತಸ್ಥೆಯಾಗಿ ತೋರಿಸದೆ ಕರುಣೆ ಬರುವ ಹಾಗೆ ಬರೆಯಬೇಕು ಅಂತ ಹೇಳಿದ್ದರು. ಹೇಳಿದ್ದಷ್ಟೇ, ಬರೆಯಲಿಲ್ಲ. 1872ರ ಜನವರಿಯಲ್ಲಿ ಅವರ ಮನೆಗೆ ಹತ್ತಿರದ ರೈಲ್ವೆ ನಿಲ್ದಾಣದಲ್ಲಿ ಒಬ್ಬ ಹೆಂಗಸು ರೈಲಿಗೆ ಬಿದ್ದು ಸತ್ತಳು. ನೆರೆಯ ಜಮೀನ್ದಾರನ ಜೊತೆ ಬದುಕುತ್ತಿದ್ದವಳು, ಅವನ ಮನಸ್ಸು ಬೇರೆ ಕಡೆ ತಿರುಗಿತ್ತು. ಅವಳ ಹೆಸರೂ ಅನ್ನಾ. ಟಾಲ್‌ಸ್ಟಾಯ್ ಹೋಗಿ ದೇಹವನ್ನು ನೋಡಿ ಬಂದರು. ಆಗಲೂ ಬರೆಯಲಿಲ್ಲ. ಒಂದು ವರ್ಷ ಕಳೆದು 1873ರ ಮಾರ್ಚ್‌ನಲ್ಲಿ, ಮನೆಯಲ್ಲಿದ್ದ ಪುಷ್ಕಿನ್ ಪುಸ್ತಕ ತಿರುವಿಹಾಕುತ್ತಿದ್ದಾಗ, ಪೀಠಿಕೆ ಗೀಠಿಕೆ ಇಲ್ಲದೆ ನೇರವಾಗಿ ಅತಿಥಿಗಳು ಬರುವಲ್ಲಿಂದಲೇ ಶುರುವಾಗುವ ಒಂದು ತುಣುಕು ಕಣ್ಣಿಗೆ ಬಿತ್ತು. ಹೀಗೆ ಶುರುಮಾಡಬೇಕು ಅನ್ನಿಸಿತು, ಬರೆಯಲು ಕೂತರು. ಅಂದರೆ ಒಂದು ಯೋಚನೆ, ಒಂದು ಸಾವು, ಒಂದು ಸಾಲು. ಮೂರಕ್ಕೂ ನೇರ ಸಂಬಂಧವೇ ಇಲ್ಲ. "ಇದರ ಸ್ಫೂರ್ತಿ ಯಾವುದು?" ಅಂತ ಕೇಳಿದರೆ ಯಾವುದನ್ನು ಹೇಳುತ್ತೀರಿ?

ಅಮೆರಿಕದ ಕಾದಂಬರಿಕಾರ್ತಿ ಟೋನಿ ಮಾರಿಸನ್ ಮಾಡಿದ್ದು ಇನ್ನೂ ಕುತೂಹಲದ್ದು. ಗುಲಾಮಗಿರಿಯಿಂದ ತಪ್ಪಿಸಿಕೊಂಡ ಮಾರ್ಗರೆಟ್ ಗಾರ್ನರ್ 1856ರಲ್ಲಿ ಸಿಕ್ಕಿಬಿದ್ದಾಗ ಮಗು ಮತ್ತೆ ಗುಲಾಮಳಾಗದಿರಲಿ ಅಂತ ತನ್ನ ಕೈಯಾರೆ ಅದನ್ನು ಕೊಂದಳು. ಆ ಹಳೇ ಪತ್ರಿಕೆಯ ವರದಿ ಮಾರಿಸನ್ ಕೈಗೆ ಬಂದದ್ದು ಅವರು ಒಂದು ಪುಸ್ತಕದ ಸಂಪಾದನೆ ಕೆಲಸದಲ್ಲಿದ್ದಾಗ. ಅದರಿಂದ ಹುಟ್ಟಿದ 'ಬಿಲವೆಡ್' 1987ರಲ್ಲಿ ಬಂತು. ಆ ಕಾಲದ ಬಗ್ಗೆ, ಗುಲಾಮರಿಗೆ ಹಾಕುತ್ತಿದ್ದ ಕಬ್ಬಿಣದ ಉಪಕರಣಗಳ ಬಗ್ಗೆ ಅವರು ಹುಡುಕಿ ಹುಡುಕಿ ಓದಿದರು. ಆದರೆ ಮಾರ್ಗರೆಟ್ ಬಗ್ಗೆ ಮಾತ್ರ ಬೇಕಂತಲೇ ಹೆಚ್ಚು ತಿಳಿದುಕೊಳ್ಳಲಿಲ್ಲ. ಅವಳ ಬದುಕನ್ನು ತಾವೇ ಕಟ್ಟಬೇಕಿತ್ತು. ಎಷ್ಟು ಸಂಶೋಧನೆ ಮಾಡಬೇಕು ಅಂತ ಕೇಳುವವರಿಗೂ ನನ್ನ ಉತ್ತರ ಇದೇ: ಸುತ್ತಲಿನ ಲೋಕದ ಬಗ್ಗೆ ಎಷ್ಟು ಬೇಕಾದರೂ ಓದಿ, ಪಾತ್ರದ ಎದೆಯೊಳಗಿನದನ್ನು ಖಾಲಿ ಬಿಡಿ.

ಇತ್ತೀಚಿನ ಘಟನೆಯಾಗಿದ್ದರೆ ಒಂದು ಮಾತು. ಆ ಸುದ್ದಿಯಲ್ಲಿರುವ ಮನೆಯವರು ಇನ್ನೂ ಅಳುತ್ತಿರುತ್ತಾರೆ. ಅವರು ಗುರುತು ಹಿಡಿಯುವ ಹಾಗೆ ಬರೆಯುವುದು ನನಗೆ ಸರಿಕಾಣುವುದಿಲ್ಲ.

ಕನಸಿನಲ್ಲಿ ಕಥೆ ಬರುತ್ತದೆ ಅನ್ನುತ್ತಾರಲ್ಲ, ನಿಜಾನಾ?

ಬರುತ್ತದೆ, ಹುಡುಕುತ್ತಿದ್ದವರಿಗೆ ಬರುತ್ತದೆ. 1886ರಲ್ಲಿ ಪ್ರಕಟವಾದ ಜೆಕಿಲ್ ಮತ್ತು ಹೈಡ್ ಕಥೆ ಸ್ಟೀವನ್‌ಸನ್‌ಗೆ ಕನಸಿನಲ್ಲಿ ಬಂತು ಅನ್ನುವುದು ಎಲ್ಲರಿಗೂ ಗೊತ್ತು. ಅದರ ಬಗ್ಗೆ ಅವರೇ ಬರೆದದ್ದನ್ನು ಓದುವವರು ಕಮ್ಮಿ. ಮನುಷ್ಯನೊಳಗಿನ ಇಬ್ಬರ ಬಗ್ಗೆ ಬರೆಯಬೇಕು ಅಂತ ಅವರು ತುಂಬಾ ಕಾಲದಿಂದ ಒದ್ದಾಡುತ್ತಿದ್ದರು, ದುಡ್ಡಿನ ಅಡಚಣೆ ಬೇರೆ. ಎರಡು ದಿನ ತಲೆ ಕೆರೆದುಕೊಂಡು ಎರಡನೇ ರಾತ್ರಿ ಕೆಲವು ದೃಶ್ಯಗಳನ್ನು ಕನಸಿನಲ್ಲಿ ಕಂಡರು. ಉಳಿದದ್ದನ್ನೆಲ್ಲ ಎಚ್ಚರದಲ್ಲೇ ಬರೆಯಬೇಕಾಯಿತು.

ಮೇರಿ ಶೆಲ್ಲಿ ಕಥೆಯೂ ಅಷ್ಟೆ. 1816ರ ಬೇಸಿಗೆ, ಜಿನೀವಾ ಸರೋವರದ ದಡ. ಹಿಂದಿನ ವರ್ಷ ಇಂಡೋನೇಷ್ಯಾದ ಟಾಂಬೋರಾ ಜ್ವಾಲಾಮುಖಿ ಸಿಡಿದು ಬೇಸಿಗೆಯಲ್ಲೂ ಚಳಿ ಮಳೆ. ಮನೆಯೊಳಗೆ ಸಿಕ್ಕಿಹಾಕಿಕೊಂಡ ಗೆಳೆಯರು ಒಬ್ಬೊಬ್ಬರು ಒಂದೊಂದು ದೆವ್ವದ ಕಥೆ ಬರೆಯೋಣ ಅಂದರು, ಕವಿ ಬೈರನ್ ಸಲಹೆ ಅದು. ಹದಿನೆಂಟು ವರ್ಷದ ಮೇರಿಗೆ ಏನೂ ಹೊಳೆಯಲಿಲ್ಲ. ದಿನಾ ಬೆಳಗ್ಗೆ "ಕಥೆ ಸಿಕ್ಕಿತಾ?" ಅಂತ ಕೇಳುವುದು, ಇವರು ಇಲ್ಲ ಅನ್ನುವುದು. ಕೊನೆಗೆ ಒಂದು ರಾತ್ರಿ, ಸತ್ತ ದೇಹಕ್ಕೆ ವಿದ್ಯುತ್ತಿನಿಂದ ಜೀವ ಬರಿಸಬಹುದಾ ಅಂತ ಉಳಿದವರು ಮಾತಾಡಿದ್ದನ್ನು ಕೇಳಿಸಿಕೊಂಡು ಮಲಗಿದ ಮೇಲೆ, ಅರೆನಿದ್ದೆಯಲ್ಲಿ ಆ ದೃಶ್ಯ ಕಂಡಿತು. 'ಫ್ರಾಂಕನ್‌ಸ್ಟೈನ್' ಬಂದದ್ದು 1818ರಲ್ಲಿ. ಮಳೆ, ಪೈಪೋಟಿ, ಮುಜುಗರ, ವಿಜ್ಞಾನದ ಹರಟೆ ಎಲ್ಲವೂ ಸೇರಿ ಆದದ್ದನ್ನು ಕನಸು ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ.

ಪಾತ್ರ, ಘಟನೆ ಏನೂ ಇಲ್ಲ, ಬರೀ ಒಂದು ಜಾಗ ಕಣ್ಣಿಗೆ ಕಟ್ಟಿದೆ. ಅದು ಸಾಕಾ?

ಸಾಕು. ಆರ್.ಕೆ. ನಾರಾಯಣ್ ಅವರಿಗೆ ಮೊದಲು ಕಂಡದ್ದು ಪುಟ್ಟ ರೈಲ್ವೆ ನಿಲ್ದಾಣ, ಅದರ ಜೊತೆಗೆ ಮಾಲ್ಗುಡಿ ಅನ್ನುವ ಹೆಸರು. ಸ್ವಾಮಿ, ಅವನ ಗೆಳೆಯರು ಆಮೇಲೆ ಬಂದರು, ಪುಸ್ತಕ 1935ರಲ್ಲಿ ಹೊರಬಂತು. ಸ್ಟೀವನ್‌ಸನ್ 1881ರಲ್ಲಿ ಮಲಮಗನ ಜೊತೆ ಹೊತ್ತು ಕಳೆಯುತ್ತಾ ಒಂದು ದ್ವೀಪದ ನಕ್ಷೆಗೆ ಬಣ್ಣ ಹಚ್ಚಿದರು, ಆ ನಕ್ಷೆಯ ಕಾಡಿನ ನಡುವಿನಿಂದಲೇ ತಮ್ಮ ನಿಧಿ ಹುಡುಕುವ ಕಡಲ್ಗಳ್ಳರು ಇಣುಕಿದರು ಅಂತ ಬರೆದಿದ್ದಾರೆ. ಜಾಗ ಸಿಕ್ಕಿದ್ದರೆ ಅಲ್ಲಿ ಇರಬಾರದ ಒಬ್ಬರನ್ನು ತಂದು ನಿಲ್ಲಿಸಿ ನೋಡಿ. ಮುಚ್ಚಿದ ಶಾಲೆ, ಅದರ ಮೆಟ್ಟಿಲ ಮೇಲೆ ದಿನಾ ಅದೇ ಹೊತ್ತಿಗೆ ಬಂದು ಕೂರುವ ಮುದುಕ.

ಬೇರೆಯವರ ಪುಸ್ತಕ ಓದಿ, ಸಿನಿಮಾ ನೋಡಿ ಕಥೆ ಹೊಳೆದರೆ ಅದು ಕಳ್ಳತನವಾ?

ಯು.ಆರ್. ಅನಂತಮೂರ್ತಿ ಇಂಗ್ಲೆಂಡಿನಲ್ಲಿ ಓದುತ್ತಿದ್ದಾಗ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್ ಅವರ 'ದಿ ಸೆವೆಂತ್ ಸೀಲ್' ಸಿನಿಮಾ ನೋಡಿದರು. 'ಸಂಸ್ಕಾರ' ಬರೆಯಲು ಅದು ಕಾರಣವಾಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಸಿನಿಮಾದಲ್ಲೂ ಪ್ಲೇಗು, ಕಾದಂಬರಿಯಲ್ಲೂ ಪ್ಲೇಗು. ಅಷ್ಟು ಬಿಟ್ಟರೆ ಪ್ರಾಣೇಶಾಚಾರ್ಯರಿಗೂ ಆ ಸಿನಿಮಾದ ಯೋಧನಿಗೂ ಎಲ್ಲಿಂದೆಲ್ಲಿಯ ಸಂಬಂಧ? ಸಿನಿಮಾ ಅವರಿಗೆ ತಮ್ಮ ಬಾಲ್ಯದ ಅಗ್ರಹಾರವನ್ನು ನೆನಪಿಸಿತು. ಬೇರೆಯವರ ಕೃತಿ ನಿಮ್ಮೊಳಗಿನ ಏನನ್ನೋ ಕೆದಕಿದರೆ ಅದು ಸ್ಫೂರ್ತಿ. ಅವರ ದೃಶ್ಯ, ಅವರ ತಿರುವು, ಅವರ ಸಾಲುಗಳೇ ಬೇಕು ಅನ್ನಿಸಿದರೆ ಅದು ಇನ್ನೊಂದು. ಕಾನೂನೂ ಸಾಮಾನ್ಯವಾಗಿ ಹೀಗೇ ನೋಡುತ್ತದೆ, ಬರೀ ಐಡಿಯಾಗೆ ಹಕ್ಕುಸ್ವಾಮ್ಯ ಇರುವುದಿಲ್ಲ, ಅದನ್ನು ಬರೆದ ರೀತಿಗೆ ಇರುತ್ತದೆ.

ಪುರಾಣದ ಕಥೆ ಎತ್ತಿಕೊಳ್ಳುವುದಕ್ಕಂತೂ ಯಾರ ಅಪ್ಪಣೆಯೂ ಬೇಡ. ಮಹಾಭಾರತವನ್ನು ಪಂಪ ಹೇಳಿದ, ಕುಮಾರವ್ಯಾಸ ಹೇಳಿದ, ಪವಾಡಗಳನ್ನೆಲ್ಲ ಕಳಚಿಟ್ಟು 'ಪರ್ವ'ದಲ್ಲಿ ಭೈರಪ್ಪ ಹೇಳಿದರು. ಮೂಲದಲ್ಲಿ ಎರಡೇ ಸಾಲಿಗೆ ಮುಗಿದುಹೋಗುವ ಒಬ್ಬ ದಾಸಿಯನ್ನೋ ಸಾರಥಿಯನ್ನೋ ಹಿಡಿದುಕೊಳ್ಳಿ.

ನೋಟ್‌ಬುಕ್ ಇಟ್ಟುಕೊಳ್ಳಬೇಕಾ?

ಇಟ್ಟುಕೊಳ್ಳಿ. ಅಗಾಥಾ ಕ್ರಿಸ್ಟಿ ಅವರ 73 ನೋಟ್‌ಬುಕ್‌ಗಳು ಈಗಲೂ ಉಳಿದಿವೆ. ಕೊಲೆಯ ಐಡಿಯಾಗಳ ಪಕ್ಕದಲ್ಲೇ ಮನೆಗೆ ಬೇಕಾದ ಸಾಮಾನಿನ ಪಟ್ಟಿ, ಯಾವ ಕ್ರಮವೂ ಇಲ್ಲ. ಹಾಗಾಗಿ ನಿಮ್ಮದು ನೀಟಾಗಿಲ್ಲ ಅಂತ ಬೇಜಾರು ಬೇಡ. ಫೋನಾದರೂ ಸರಿ, ಹರಿದ ಚೀಟಿಯಾದರೂ ಸರಿ.

ಏನು ಬರೆದುಕೊಳ್ಳುತ್ತೀರಿ ಅನ್ನುವುದು ಮುಖ್ಯ. "ದುಃಖದಲ್ಲಿದ್ದ ಮುದುಕ" ಅಂತ ಬರೆದಿಟ್ಟರೆ ಆರು ತಿಂಗಳ ಮೇಲೆ ಅದು ಯಾವ ಕೆಲಸಕ್ಕೂ ಬರುವುದಿಲ್ಲ. "ಷರ್ಟಿನ ಕತ್ತಿನ ಗುಂಡಿವರೆಗೂ ಹಾಕಿದ್ದ, ಇಸ್ತ್ರಿ ಮಾಡಿದ ಷರ್ಟು, ಕಾಲಲ್ಲಿ ಮಾತ್ರ ಎರಡು ಬೇರೆ ಬೇರೆ ಚಪ್ಪಲಿ" ಅಂತ ಬರೆದಿಟ್ಟರೆ ಆ ಮನುಷ್ಯ ಮತ್ತೆ ಎದ್ದು ಬರುತ್ತಾನೆ. ನಿಮಗೆ ಅನ್ನಿಸಿದ್ದನ್ನು ಬಿಡಿ, ಕಂಡದ್ದನ್ನು ಕೇಳಿದ್ದನ್ನು ಬರೆಯಿರಿ. ಮಾತನ್ನಂತೂ ಅವರು ಆಡಿದ ಹಾಗೆಯೇ, ವ್ಯಾಕರಣ ತಿದ್ದದೆ.

ಐಡಿಯಾ ಚೆನ್ನಾಗಿರುತ್ತದೆ, ಆದರೆ ಎರಡು ಪುಟಕ್ಕೆ ನಿಂತುಹೋಗುತ್ತದೆ. ಯಾಕೆ?

ನಿಮ್ಮ ಹತ್ತಿರ ಸನ್ನಿವೇಶ ಇದೆ, ಮನುಷ್ಯ ಇಲ್ಲ. "ಒಂದು ಊರಲ್ಲಿ ಎಲ್ಲರಿಗೂ ಒಂದೇ ಕನಸು ಬೀಳುತ್ತದೆ" ಅನ್ನುವುದು ಕೇಳಲು ಮಜವಾಗಿದೆ. ಎರಡು ಪುಟದಲ್ಲಿ ಕನಸು ಬಿತ್ತು, ಜನ ಮಾತಾಡಿಕೊಂಡರು, ಆಮೇಲೆ? ಆ ಕನಸು ತನಗೆ ಬಿದ್ದಿಲ್ಲ ಅಂತ ಸುಳ್ಳು ಹೇಳುವ ಒಬ್ಬಳನ್ನು ಒಳಗೆ ತನ್ನಿ. ಅವಳು ಯಾಕೆ ಸುಳ್ಳು ಹೇಳಿದಳು ಅನ್ನುವುದು ನಿಮ್ಮನ್ನು ಮೂರನೇ ಪುಟಕ್ಕೆ ಕರೆದುಕೊಂಡು ಹೋಗುತ್ತದೆ. ಅಷ್ಟಾದರೂ ಕದಲದಿದ್ದರೆ ಆ ಚೂರು ಒಂಟಿಯಾಗಿದೆ ಅಂತ ಅರ್ಥ. ಅದಕ್ಕೆ ಜೊತೆಯಾಗುವ ಇನ್ನೊಂದು ಚೂರು ಇನ್ನೂ ನಿಮಗೆ ಸಿಕ್ಕಿಲ್ಲ. ಎತ್ತಿಡಿ, ಬೇರೆ ಬರೆಯಿರಿ.

ಸ್ಫೂರ್ತಿ ಬರುವವರೆಗೆ ಕಾಯಬೇಕಾ?

ಬೇಡ. ಬರೆಯುತ್ತಾ ಕೂತಾಗ ಬರುವಷ್ಟು ಸುಮ್ನೆ ಕೂತಾಗ ಬರುವುದಿಲ್ಲ.

ಪಾತ್ರಗಳಿಗೆ ಹೆಸರು ಎಲ್ಲಿಂದ ತರುತ್ತೀರಿ?

ಮದುವೆ ಕಾರ್ಡು, ಮತದಾರರ ಪಟ್ಟಿ, ಹಳೇ ಶಾಲೆಯ ಗುಂಪು ಫೋಟೋ ಕೆಳಗಿನ ಸಾಲು. ಪಾತ್ರ ಹುಟ್ಟಿದ ಕಾಲಕ್ಕೆ ಹೆಸರು ಹೊಂದಬೇಕು, ಒಂದೇ ಕಥೆಯಲ್ಲಿ ಎರಡು ಹೆಸರು ಒಂದೇ ಅಕ್ಷರದಿಂದ ಶುರುವಾಗದಿದ್ದರೆ ಒಳ್ಳೆಯದು. ಮೊದಲು ಇಟ್ಟ ಹೆಸರೇ ಕೊನೆಯವರೆಗೂ ಇರಬೇಕು ಅಂತೇನಿಲ್ಲ. ಹೋಮ್ಸ್‌ನ ಗೆಳೆಯ ಡಾಕ್ಟರ್ ವಾಟ್ಸನ್‌ಗೆ ಮೊದಲು ಆರ್ಮಂಡ್ ಸ್ಯಾಕರ್ ಅಂತ ಹೆಸರಿಡಲು ಡಾಯ್ಲ್ ಯೋಚಿಸಿದ್ದರು.

ಎಐ ಹತ್ತಿರ ಐಡಿಯಾ ಕೇಳಿದರೆ ತಪ್ಪಾ?

ತಪ್ಪು ಅಂತ ಹೇಳುವುದಿಲ್ಲ. ಕೇಳಿದರೆ ಹತ್ತು ಐಡಿಯಾ ಕೊಡುತ್ತದೆ, ಹತ್ತೂ ಪೂರ್ತಿಯಾಗಿ, ಅಂತ್ಯದ ಸಮೇತ. ನನಗೆ ತೊಂದರೆ ಇರುವುದೇ ಅಲ್ಲಿ. ಜೇಮ್ಸ್ ಪಕ್ಕದಲ್ಲಿ ಕೂತಿದ್ದ ಮಹಿಳೆಯ ಥರ, ನಿಲ್ಲಿಸಬೇಕಾದಲ್ಲಿ ನಿಲ್ಲಿಸುವುದಿಲ್ಲ. ಆ ಕಾಲದ ಅಂಚೆ ವ್ಯವಸ್ಥೆ ಹೇಗಿತ್ತು ಅಂತ ಕೇಳಿ, ಬೇಕಾದರೆ. ಬಂದ ಉತ್ತರವನ್ನು ಇನ್ನೊಂದು ಕಡೆ ಸರಿನೋಡಿಕೊಳ್ಳಿ.

ನನ್ನ ಹತ್ತಿರ ಒಂದು ಅದ್ಭುತ ಕಥೆ ಇದೆ, ನಾನು ಹೇಳುತ್ತೇನೆ, ನೀವು ಬರೆದುಕೊಡುತ್ತೀರಾ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದೇ, ಉತ್ತರ ಇಲ್ಲ ಅನ್ನುವುದೇ. ಅದು ಗರ್ವದಿಂದ ಹೇಳುವುದಲ್ಲ. ನೀವು ಹೇಳುವ ಕಥೆ ಮೊದಲಿನಿಂದ ಕೊನೆಯವರೆಗೆ ನಿಮಗೆ ಗೊತ್ತಿರುತ್ತದೆ, ನನಗೆ ಹುಡುಕಲು ಅದರಲ್ಲಿ ಏನೂ ಉಳಿದಿರುವುದಿಲ್ಲ. ನೀವೇ ಬರೆಯಲು ಕೂತರೆ ಮಾತ್ರ ನಿಮಗೆ ಗೊತ್ತಿಲ್ಲದ್ದು ಎಷ್ಟಿದೆ ಅಂತ ಮೊದಲ ಪುಟದಲ್ಲೇ ಕಾಣಿಸುತ್ತದೆ. ಅವನು ಆ ದಿನ ಬಾಗಿಲು ತಟ್ಟಿದನಾ, ಹಾಗೇ ಒಳಗೆ ಬಂದನಾ? ಅವಳು ಕೂತಿದ್ದಳಾ, ನಿಂತಿದ್ದಳಾ? ಅದನ್ನು ನನ್ನನ್ನು ಕೇಳಿದರೆ ನಾನು ಏನು ಹೇಳಲಿ.